ಮ್ಯುಟೇಶನ್, ಫಿಟ್‌ನೆಸ್, ಪಾಪ್ಯುಲೇಶನ್ ಸೈಜು: ಒಂದು ವಿಕಾಸ ಸಿಮ್ಯುಲೇಟರ್ ಕಟ್ಟಿದ ಲಾಗ್

ಕಂಪ್ಯೂಟರಲ್ಲಿ ವಿಕಾಸ ನಡೆಯೋದನ್ನ ನೋಡೋಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಪೈಥಾನ್, ಅದರಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ನಂಪೈ, ಗ್ರಾಫ್ ಬಿಡಿಸೋಕೆ ಮ್ಯಾಟ್‌ಪ್ಲಾಟ್‌ಲಿಬ್, ಇಷ್ಟಿದ್ರೆ ಸಾಕು. ನಾನು ಕಟ್ಟಿದ್ದು ಒಂದೇ ಫೈಲು, ಆದ್ರೆ ಹಂತ ಹಂತವಾಗಿ ಬೆಳೆಸಿದ್ದು. ಇಟ್ಕೊಂಡಿದ್ದ ನಿಯಮ ಒಂದೇ: ಪ್ರತಿ ಹಂತದಲ್ಲೂ ಪೇಪರ್ ಮೇಲೆ ಉತ್ತರ ಗೊತ್ತಿರೋ ಒಂದು ಪ್ರಶ್ನೆಯನ್ನ ಮೊದಲು ಕೋಡಿಗೆ ಕೇಳೋದು, ಅದೇ ಉತ್ತರ ಬಂದ ಮೇಲೇನೇ ಮುಂದಕ್ಕೆ ಹೋಗೋದು. ಈ ವಿಷಯದಲ್ಲಿ ಇದು ಆಗೋದು ಯಾಕಂದ್ರೆ 1920ರ ದಶಕದಿಂದ ಫಿಶರ್, ಹಾಲ್ಡೇನ್, ರೈಟ್, ಆಮೇಲೆ ಕಿಮುರಾ, ವಿಕಾಸವನ್ನ ಗಣಿತಕ್ಕೆ ತಂದ ಇವರೆಲ್ಲ ಕೈಯಲ್ಲೇ ಲೆಕ್ಕ ಹಾಕಿ ಸೂತ್ರ ಬರೆದಿಟ್ಟಿದಾರೆ. ಸಿಮ್ಯುಲೇಟರ್ ಸರಿ ಇದ್ಯಾ ಅಂತ ತಾಳೆ ನೋಡೋಕೆ ಇದಕ್ಕಿಂತ ಒಳ್ಳೇ ಅಳತೆಗೋಲು ಸಿಗಲ್ಲ.

ಕೆಳಗೆ ಬರೋ ಅಕ್ಷರಗಳನ್ನ ಒಂದ್ಸಲ ಹೇಳ್ಬಿಡ್ತೀನಿ. ಜೀನೋಮ್ ಅಂದ್ರೆ ಒಂದು ಜೀವಿಯ ಪೂರ್ತಿ ಜೀನುಗಳ ಬರಹ, ಮ್ಯುಟೇಶನ್ ಅಂದ್ರೆ ಅದರಲ್ಲಿ ಆಗೋ ಬದಲಾವಣೆ. ಎನ್ ಅಂದ್ರೆ ಪಾಪ್ಯುಲೇಶನಲ್ಲಿ ಎಷ್ಟು ಜೀವಿಗಳಿವೆ ಅನ್ನೋದು, ಎಸ್ ಅಂದ್ರೆ ಒಂದು ಮ್ಯುಟೇಶನ್‌ನಿಂದ ಆಗೋ ಲಾಭ ಅಥವಾ ನಷ್ಟ, ಯು ಅಂದ್ರೆ ಒಂದು ಜೀನೋಮಿಗೆ ಒಂದು ತಲೆಮಾರಲ್ಲಿ ಸರಾಸರಿ ಎಷ್ಟು ಹೊಸ ಮ್ಯುಟೇಶನ್ ಬೀಳತ್ತೆ ಅನ್ನೋದು. ಫಿಟ್‌ನೆಸ್ ಅಂದ್ರೆ ಇಲ್ಲಿ ಮುಂದಿನ ತಲೆಮಾರಿಗೆ ಸರಾಸರಿ ಎಷ್ಟು ಸಂತಾನ ಬಿಡತ್ತೆ ಅನ್ನೋದರ ಅನುಪಾತ ಅಷ್ಟೇ. ಎಲ್ಲಾ ಜೀವಿಗಳೂ ಹ್ಯಾಪ್ಲಾಯ್ಡ್, ಅಂದ್ರೆ ಬ್ಯಾಕ್ಟೀರಿಯಾ ತರ ಜೀನೋಮಿನ ಒಂದೇ ಕಾಪಿ. ಎರಡು ಕಾಪಿ ಇರೋ ಡಿಪ್ಲಾಯ್ಡಿಗೆ ಸೂತ್ರಗಳಲ್ಲಿ 2ರ ಗುಣಕಗಳು ಬದಲಾಗತ್ತೆ, ಇಂಟರ್ನೆಟ್ಟಲ್ಲಿ ಸೂತ್ರ ಹುಡುಕಿದಾಗ ಮೊದಲು ಅದನ್ನ ನೋಡ್ಕೊಳ್ಳಿ, ಅರ್ಧಕ್ಕರ್ಧ ಗೊಂದಲ ಅಲ್ಲೇ ಇರತ್ತೆ.

ಮೊದಲ ಹಂತ: ಅದೃಷ್ಟ ಇಲ್ಲದ ಜಗತ್ತು

ಎರಡೇ ತರದ ಜೀವಿ. ಹಳೇದರ ಫಿಟ್‌ನೆಸ್ 1, ಹೊಸದರದ್ದು 1 + ಎಸ್. ಹೊಸದರ ಪಾಲು ಪಿ ಅಂತಿಟ್ಕೊಂಡ್ರೆ ಮುಂದಿನ ತಲೆಮಾರಲ್ಲಿ ಅದು ಪಿ × (1 + ಎಸ್) ಭಾಗಿಸು (1 + ಪಿ × ಎಸ್). ಕೆಳಗಿರೋದು ಸರಾಸರಿ ಫಿಟ್‌ನೆಸ್. ಕೋಡು ಒಂದೇ ಸಾಲು. ತಾಳೆ ನೋಡೋದು ಹೀಗೆ: ಪಿ ಬಿಟ್ಟು, ಹೊಸದು ಎಷ್ಟು ಹಳೇದು ಎಷ್ಟು ಅನ್ನೋ ಅನುಪಾತ ತಗೊಂಡ್ರೆ ಅದು ಪ್ರತಿ ತಲೆಮಾರಲ್ಲೂ ಸರಿಯಾಗಿ 1 + ಎಸ್ ಪಟ್ಟು ಆಗ್ತಾ ಹೋಗ್ಬೇಕು, ಅಂದ್ರೆ ಆ ಅನುಪಾತದ ಲಾಗ್ ಒಂದು ಸರಳ ರೇಖೆ. ಎಸ್ 0.02 ಇದ್ರೆ ಸಾವಿರದಲ್ಲಿ ಒಂದು ಇದ್ದಿದ್ದು ಸಾವಿರದಲ್ಲಿ 999 ಆಗೋಕೆ ಸುಮಾರು 700 ತಲೆಮಾರು ಬೇಕು. ರೇಖೆ ನೆಟ್ಟಗೆ ಬಂತು, ಮುಂದಕ್ಕೆ.

ಎರಡನೇ ಹಂತ: ರೈಟ್-ಫಿಶರ್

ಮಜಾ ಶುರುವಾಗೋದು ಇಲ್ಲಿ. ಮೇಲಿನ ಮಾಡೆಲಲ್ಲಿ ಒಳ್ಳೇ ಮ್ಯುಟೇಶನ್ ಯಾವಾಗ್ಲೂ ಗೆಲ್ಲತ್ತೆ. ನಿಜವಾದ ಪಾಪ್ಯುಲೇಶನಲ್ಲಿ ಹಾಗಿಲ್ಲ, ಯಾಕಂದ್ರೆ ಹೊಸ ಮ್ಯುಟೇಶನ್ ಹುಟ್ಟೋದು ಒಂದೇ ಒಂದು ಜೀವಿಯಲ್ಲಿ, ಆ ಒಂದು ಜೀವಿ ಎಷ್ಟೇ ಒಳ್ಳೇದಿದ್ರೂ ಸಂತಾನ ಬಿಡದೇ ಸತ್ರೆ ಕಥೆ ಮುಗೀತು. ರೈಟ್-ಫಿಶರ್ ಮಾಡೆಲ್ ಮಾಡೋದು ಇಷ್ಟೇ: ಮುಂದಿನ ತಲೆಮಾರಿನ ಎನ್ ಜೀವಿಗಳಲ್ಲಿ ಪ್ರತಿಯೊಂದೂ ತನ್ನ ತಾಯಿಯನ್ನ ಹಿಂದಿನ ತಲೆಮಾರಿಂದ ಲಾಟರಿಯಲ್ಲಿ ಆರಿಸುತ್ತೆ, ಫಿಟ್‌ನೆಸ್ ಜಾಸ್ತಿ ಇದ್ದೋರಿಗೆ ಆ ಲಾಟರಿಯಲ್ಲಿ ಅಷ್ಟು ಜಾಸ್ತಿ ಚೀಟಿ.

ಕಟ್ಟೋವಾಗ ಎರಡು ದಾರಿ ಇದೆ. ಎನ್ ಉದ್ದದ ಲಿಸ್ಟ್ ಮಾಡಿ ಒಂದೊಂದು ಜೀವಿಗೂ ತಾಯಿ ಆರಿಸೋದು ಒಂದು, ಎಷ್ಟು ಹಳೇದು ಎಷ್ಟು ಹೊಸದು ಅನ್ನೋ ಎಣಿಕೆ ಮಾತ್ರ ಇಟ್ಕೊಂಡು ಮೊದಲ ಹಂತದ ಸೂತ್ರದಿಂದ ಪಿ ತೆಗೆದು, ಎನ್ ಸಲ ಲಾಟರಿ ಎತ್ತಿದ್ರೆ ಎಷ್ಟು ಸಲ ಹೊಸದು ಬರತ್ತೆ ಅನ್ನೋ ಒಂದು ಬೈನಾಮಿಯಲ್ ರ‍್ಯಾಂಡಮ್ ಸಂಖ್ಯೆ ಎಳೆಯೋದು ಇನ್ನೊಂದು. ಉತ್ತರದಲ್ಲಿ ವ್ಯತ್ಯಾಸ ಇಲ್ಲ, ಗಣಿತದ ಪ್ರಕಾರ ಎರಡೂ ಒಂದೇ, ಆದ್ರೆ ಎಣಿಕೆ ದಾರಿಯಲ್ಲಿ ಎನ್ ಸಾವಿರ ಇದ್ರೂ ಕೋಟಿ ಇದ್ರೂ ಸಮಯ ಹೆಚ್ಚುಕಮ್ಮಿ ಅಷ್ಟೇ ಹಿಡಿಯತ್ತೆ. ಲಿಸ್ಟ್ ಇಟ್ಕೊಂಡು ಶುರು ಮಾಡೋರಿಗೆ ನಾನು ಹೇಳೋದು ಇಷ್ಟೇ, ಯಾವ ಜೀವಿ ಯಾರು ಅನ್ನೋದು ನಿಮ್ಮ ಪ್ರಶ್ನೆಗೆ ಬೇಕಾಗಿಲ್ಲ ಅಂದ್ರೆ ಜೀವಿಗಳನ್ನ ಇಟ್ಕೋಬೇಡಿ, ಎಣಿಕೆ ಇಟ್ಕೊಳ್ಳಿ.

ತಾಳೆ ನೋಡೋಕೆ ಮೂರು ಉತ್ತರ ಗೊತ್ತಿದೆ. ಎಸ್ ಸೊನ್ನೆ ಇದ್ರೆ ಒಂದು ಹೊಸ ಮ್ಯುಟೇಶನ್ ಇಡೀ ಪಾಪ್ಯುಲೇಶನ್ ಆವರಿಸೋ ಸಾಧ್ಯತೆ ಸರಿಯಾಗಿ 1/ಎನ್, ಹಾಗೆ ಆವರಿಸಿದ್ರೆ ಅದಕ್ಕೆ ಸರಾಸರಿ 2ಎನ್ ತಲೆಮಾರು. ಎಸ್ ಚಿಕ್ಕ ಲಾಭ ಆಗಿದ್ರೆ ಹಾಲ್ಡೇನ್ 1927ರಲ್ಲಿ ಕೊಟ್ಟ ಉತ್ತರ, ಸಾಧ್ಯತೆ ಸುಮಾರು 2ಎಸ್. ಎಲ್ಲಾ ಎಸ್‌ಗೂ ಒಟ್ಟಿಗೆ ಹೊಂದೋದು ಕಿಮುರಾ 1962ರ ಸೂತ್ರ (ಇ ಅಂದ್ರೆ ಸುಮಾರು 2.718 ಅನ್ನೋ ಸ್ಥಿರ ಸಂಖ್ಯೆ): ಮೇಲೆ 1 − ಇ ಘಾತ (−2ಎಸ್), ಕೆಳಗೆ 1 − ಇ ಘಾತ (−2ಎನ್ಎಸ್).

ಎನ್ 1000, ಎಸ್ 0.02 ಹಾಕಿದ್ರೆ ಉತ್ತರ 0.0392. ಶೇಕಡ 2 ಲಾಭ ಅಂದ್ರೆ ವಿಕಾಸದಲ್ಲಿ ಸಣ್ಣದಲ್ಲ, ಆದ್ರೂ ಅಂಥ ನೂರು ಮ್ಯುಟೇಶನ್ ಹುಟ್ಟಿದ್ರೆ 96 ಮಣ್ಣುಪಾಲು! ಮೊದಲ ತಲೆಮಾರಲ್ಲೇ ಶೇಕಡ 36 ಹೋಗ್ಬಿಡತ್ತೆ, ಯಾಕಂದ್ರೆ ಸರಾಸರಿ 1.02 ಸಂತಾನ ಇರೋ ಜೀವಿಗೆ ಒಂದೂ ಸಂತಾನ ಇಲ್ಲದೇ ಇರೋ ಸಾಧ್ಯತೆ ಇ ಘಾತ (−1.02). ಹತ್ತು ಸಾವಿರ ಸಲ ಓಡಿಸಿದ್ರೆ 392ರ ಆಸುಪಾಸಲ್ಲಿ, ಆಚೆ ಈಚೆ 19ರ ಸ್ಟ್ಯಾಂಡರ್ಡ್ ಡೀವಿಯೇಶನ್ (ಅದೃಷ್ಟದಿಂದ ಸಹಜವಾಗಿ ಆಗೋ ಏರುಪೇರಿನ ಅಳತೆ) ಜೊತೆ ಬರ್ಬೇಕು, ಆ ಪಟ್ಟಿಯೊಳಗೇ ಬಂತು. ಈ 19 ಮುಖ್ಯ. ನೂರು ಸಲ ಓಡಿಸಿ 6 ಬಂತು ಅಂತ ಸೂತ್ರ ತಪ್ಪು ಅಂದ್ಕೊಂಡ್ರೆ ಪ್ರಯೋಜನ ಇಲ್ಲ, 4ರ ಜಾಗದಲ್ಲಿ 6 ಬರೋದು ತೀರಾ ಸಾಮಾನ್ಯ.

ಕಿಮುರಾ ಸೂತ್ರವನ್ನ ಕೋಡಲ್ಲಿ ಬರೆಯೋವಾಗ ಒಂದು ರಿಪೇರಿ ಮಾಡ್ಲೇಬೇಕು. ಎಸ್ ಸೊನ್ನೆ ಆದ್ರೆ ಸೊನ್ನೆ ಭಾಗ ಸೊನ್ನೆ, ಎಸ್ ತೀರಾ ಚಿಕ್ಕದಾದ್ರೆ ಒಂದರಿಂದ ಹೆಚ್ಚುಕಮ್ಮಿ ಒಂದನ್ನೇ ಕಳೆದು ಅಂಕಿಗಳೆಲ್ಲ ಕರಗಿಹೋಗತ್ತೆ. ನಂಪೈಯಲ್ಲಿ ಎಕ್ಸ್‌ಪಿಎಮ್1 ಅಂತ ಒಂದು ಫಂಕ್ಷನ್ ಇದೆ, ಇ ಘಾತದಿಂದ 1 ಕಳೆಯೋದನ್ನ ನಿಖರತೆ ಕಳಕೊಳ್ಳದೇ ಮಾಡತ್ತೆ, ಮೇಲೆ ಕೆಳಗೆ ಎರಡೂ ಕಡೆ ಅದನ್ನೇ ಹಾಕಿ, ಎಸ್ ಸರಿಯಾಗಿ ಸೊನ್ನೆ ಇದ್ದಾಗ ಮಾತ್ರ ಬೇರೆಯಾಗಿ 1/ಎನ್ ಕೊಡೋ ತರ ಮಾಡಿದೆ. ನಷ್ಟದ ಕಡೆ ಘಾತ 709 ದಾಟಿದ್ರೆ ಡಬಲ್ ಪ್ರಿಸಿಶನ್ನಿನ ಮಿತಿ ಮೀರತ್ತೆ, ಅಲ್ಲಿ ನೇರ ಸೊನ್ನೆ.

ಈಗ ಇಡೀ ಪ್ರಾಜೆಕ್ಟಲ್ಲಿ ನಂಗೆ ತುಂಬಾ ಇಷ್ಟವಾದ ಟೇಬಲ್. ಸ್ವಲ್ಪ ಕೆಟ್ಟದ್ದು ಮಾಡೋ ಒಂದು ಮ್ಯುಟೇಶನ್ ತಗೊಳ್ಳಿ, ನಷ್ಟ 0.002. ಎನ್ 100 ಇದ್ರೆ ಅದು ಆವರಿಸೋ ಸಾಧ್ಯತೆ 0.00815, ಲಾಭನೂ ನಷ್ಟನೂ ಇಲ್ಲದ, ಅಂದ್ರೆ ತಟಸ್ಥ, ಮ್ಯುಟೇಶನಿಗೆ 0.01, ಅಂದ್ರೆ ಶೇಕಡ 81ರಷ್ಟು, ಅದು ಕೆಟ್ಟದ್ದು ಅಂತ ಪಾಪ್ಯುಲೇಶನಿಗೆ ಗೊತ್ತೇ ಆಗ್ತಿಲ್ಲ. ಎನ್ 1000 ಮಾಡಿ, ತಟಸ್ಥದ್ದಕ್ಕೆ ಹೋಲಿಸಿದ್ರೆ ಶೇಕಡ 7.5ಕ್ಕೆ ಇಳೀತು. ಎನ್ 10,000 ಮಾಡಿ, ಸಾಧ್ಯತೆ ದಶಮಾಂಶ ಬಿಂದು ಆದ್ಮೇಲೆ 19 ಸೊನ್ನೆ ಹಾಕಿ ಬರೆಯೋ ಸಂಖ್ಯೆ, ಆಗೋದೇ ಇಲ್ಲ ಅಂತಲೇ ಅನ್ನಿ. ಮ್ಯುಟೇಶನ್ ಅದೇ, ಎಸ್ ಅದೇ. ಬದಲಾಗಿದ್ದು ಜನಸಂಖ್ಯೆ ಮಾತ್ರ. ಎಸ್ ಒಂದನ್ನೇ ನೋಡಿ ಏನೂ ಹೇಳಕ್ಕಾಗಲ್ಲ, ಎನ್ ಮತ್ತು ಎಸ್ ಗುಣಿಸಿದ ಸಂಖ್ಯೆ 1ಕ್ಕಿಂತ ತುಂಬಾ ಚಿಕ್ಕದಿದ್ರೆ ಅದೃಷ್ಟದ ರಾಜ್ಯ, ತುಂಬಾ ದೊಡ್ಡದಿದ್ರೆ ಆಯ್ಕೆಯ ರಾಜ್ಯ. ಪುಸ್ತಕದಲ್ಲಿ ಓದಿದಾಗ ಇದು ಒಂದು ಸಾಲು, ಮೂರು ಗ್ರಾಫ್ ಪಕ್ಕ ಪಕ್ಕ ಇಟ್ಟಾಗ ಮಾತ್ರ ಮೈಗೆ ಹತ್ತತ್ತೆ.

ಇದೇ ಟೇಬಲಿಂದ ಇನ್ನೊಂದು ಉಚಿತವಾಗಿ ಸಿಗತ್ತೆ. ತಟಸ್ಥ ಮ್ಯುಟೇಶನ್‌ಗಳು ಪ್ರತಿ ತಲೆಮಾರಲ್ಲಿ ಹುಟ್ಟೋದು ಎನ್ × ದರ, ಪ್ರತಿಯೊಂದೂ ಗೆಲ್ಲೋ ಸಾಧ್ಯತೆ 1/ಎನ್, ಗುಣಿಸಿದ್ರೆ ಎನ್ ಹೊಡೆದುಹೋಗಿ ಬರೀ ಮ್ಯುಟೇಶನ್ ದರ ಉಳಿಯತ್ತೆ. ಕಿಮುರಾ 1968ರಲ್ಲಿ ಮುಂದಿಟ್ಟ ತಟಸ್ಥ ಸಿದ್ಧಾಂತದ ಹೃದಯ ಇದೇ, ಜೀನುಗಳ ವ್ಯತ್ಯಾಸ ಎಣಿಸಿ ಎರಡು ಪ್ರಭೇದ ಯಾವಾಗ ಬೇರೆಯಾದ್ವು ಅಂತ ಅಂದಾಜು ಮಾಡೋಕೆ ಆಗೋದೂ ಇದರಿಂದಾನೇ.

ಮೂರನೇ ಹಂತ: ಕೆಟ್ಟ ಮ್ಯುಟೇಶನ್ ಬೀಳ್ತಾನೇ ಇದ್ರೆ

ಇಲ್ಲಿವರೆಗೆ ಒಂದೇ ಮ್ಯುಟೇಶನ್. ಈಗ ಸಾಲಾಗಿ ಬೀಳೋ ತರ ಮಾಡ್ಬೇಕು. ಒಂದೊಂದು ಕೆಟ್ಟ ಮ್ಯುಟೇಶನ್ನೂ ಫಿಟ್‌ನೆಸ್ಸನ್ನ (1 − ಎಸ್) ಪಟ್ಟು ಮಾಡತ್ತೆ ಅಂತಿಟ್ಕೊಂಡ್ರೆ ಜೀವಿಯ ಬಗ್ಗೆ ಗೊತ್ತಿರ್ಬೇಕಾದ್ದು ಒಂದೇ, ಅದರ ಮೇಲೆ ಎಷ್ಟು ಮ್ಯುಟೇಶನ್ ಹೊರೆ ಇದೆ ಅಂತ. ಹಾಗಾಗಿ ಪಾಪ್ಯುಲೇಶನ್ ಅಂದ್ರೆ ಒಂದು ಅರೇ, ಅಂದ್ರೆ ಸಂಖ್ಯೆಗಳ ಸಾಲು: ಸೊನ್ನೆ ಮ್ಯುಟೇಶನ್ ಇರೋರು ಎಷ್ಟು, ಒಂದು ಇರೋರು ಎಷ್ಟು, ಎರಡು ಇರೋರು ಎಷ್ಟು. ಪ್ರತಿ ತಲೆಮಾರಲ್ಲಿ ಫಿಟ್‌ನೆಸ್ಸಿಂದ ಗುಣಿಸು, ಪಾಯ್ಸಾನ್ ಹಂಚಿಕೆ (ಸರಾಸರಿ ಯು ಇದ್ದಾಗ ಸೊನ್ನೆ, ಒಂದು, ಎರಡು ಬೀಳೋ ಸಾಧ್ಯತೆಗಳು) ಜೊತೆ ಕಾನ್ವಲ್ಯೂಶನ್ ಮಾಡಿ, ಅಂದ್ರೆ ಹಳೇ ಹೊರೆ ಹೊಸ ಹೊರೆ ಎಲ್ಲಾ ಜೋಡಿಗಳನ್ನೂ ಕೂಡಿಸಿ, ಹೊಸ ಮ್ಯುಟೇಶನ್ ಸೇರಿಸು, ಬೈನಾಮಿಯಲ್ಲಿನ ಹಲವು ಗುಂಪಿನ ರೂಪ ಆದ ಮಲ್ಟಿನಾಮಿಯಲ್‌ನಿಂದ ಎನ್ ಜೀವಿ ಎಳಿ.

ನಂಪೈನ ಮಲ್ಟಿನಾಮಿಯಲ್ ಇಲ್ಲಿ ಸ್ವಲ್ಪ ಸತಾಯಿಸತ್ತೆ. ಸಾಧ್ಯತೆಗಳ ಮೊತ್ತ ರೌಂಡಿಂಗಿಂದ 1ಕ್ಕಿಂತ ಚೂರು ಜಾಸ್ತಿ ಆದ್ರೂ ಎರರ್ ಎಸೆಯಬಹುದು, 32 ಬಿಟ್ಟಿನ ಫ್ಲೋಟ್ ಎಲ್ಲಾದ್ರೂ ನುಸುಳಿದ್ರಂತೂ ಆ ಭಯ ಇನ್ನೂ ಜಾಸ್ತಿ. ಅರೇ ಪೂರ್ತಿ 64 ಬಿಟ್ಟಲ್ಲಿ ಇಟ್ಟು, ಎಳೆಯೋ ಮೊದಲು ಮೊತ್ತದಿಂದ ಭಾಗಿಸ್ಬೇಕು. ಅರೇ ಕೊನೆಯಾಚೆ ಬೀಳೋ ಬಾಲವನ್ನ ಎಸೆಯೋ ಬದಲು ಕೊನೇ ಡಬ್ಬಿಗೆ ಸೇರಿಸಿ, ಆ ಡಬ್ಬಿ ತುಂಬ್ತಾ ಇದ್ಯಾ ಅಂತ ನೋಡೋ ಒಂದು ಚೆಕ್ ಹಾಕಿ, ತುಂಬಿದ್ರೆ ಅರೇ ಉದ್ದ ಸಾಲ್ತಿಲ್ಲ ಅಂತ ಅರ್ಥ.

ಇದರ ಉತ್ತರ ಪೇಪರ್ ಮೇಲೆ ತುಂಬಾ ಚೆನ್ನಾಗಿ ಬರತ್ತೆ. ಹಂಚಿಕೆ ಪಾಯ್ಸಾನ್ ಆಗಿದ್ದು ಸರಾಸರಿ ಲ್ಯಾಂಬ್ಡಾ ಇದ್ರೆ, ಆಯ್ಕೆ ಆದ್ಮೇಲೂ ಅದು ಪಾಯ್ಸಾನೇ, ಸರಾಸರಿ ಮಾತ್ರ ಲ್ಯಾಂಬ್ಡಾ × (1 − ಎಸ್). ಹೊಸ ಮ್ಯುಟೇಶನ್ ಬಿದ್ರೆ ಅದಕ್ಕೆ ಯು ಸೇರತ್ತೆ. ನಿಂತ ನೀರಾಗೋದು ಲ್ಯಾಂಬ್ಡಾ = ಯು/ಎಸ್ ಆದಾಗ, ಅಲ್ಲಿಗೆ ತಲುಪೋಕೆ 1/ಎಸ್ ತಲೆಮಾರಿನ ಲೆಕ್ಕದ ಸಮಯ. ಯು 0.1, ಎಸ್ 0.02 ಇದ್ರೆ ಸರಾಸರಿ 5 ಮ್ಯುಟೇಶನ್. ಎಸ್ 0.05 ಮಾಡಿದ್ರೆ ಸರಾಸರಿ 2. ಸರಾಸರಿ ಫಿಟ್‌ನೆಸ್? ಎರಡರಲ್ಲೂ ಇ ಘಾತ (−0.1), ಅಂದ್ರೆ 0.905!

ಹಾಲ್ಡೇನ್ 1937ರಲ್ಲಿ ತೋರಿಸಿದ ವಿಷಯ ಇದು, ನಂಗೆ ಇವತ್ತಿಗೂ ಬೆರಗು. ಮ್ಯುಟೇಶನ್ ಒಂದೊಂದೂ ಎಷ್ಟು ಕೆಟ್ಟದ್ದು ಅನ್ನೋದಕ್ಕೂ ಪಾಪ್ಯುಲೇಶನ್ ಒಟ್ಟಾರೆ ಎಷ್ಟು ಕಳಕೊಳ್ಳತ್ತೆ ಅನ್ನೋದಕ್ಕೂ ಸಂಬಂಧ ಇಲ್ಲ, ಎಷ್ಟು ಬೀಳತ್ತೆ ಅನ್ನೋದೊಂದೇ ಲೆಕ್ಕಕ್ಕೆ ಬರತ್ತೆ. ಜಾಸ್ತಿ ಕೆಟ್ಟದ್ದು ಬೇಗ ಗುಡಿಸಿಹೋಗತ್ತೆ, ಕಮ್ಮಿ ಕೆಟ್ಟದ್ದು ತುಂಬಾ ಹೊತ್ತು ಉಳ್ಕೊಂಡು ತುಂಬಾ ಜನಕ್ಕೆ ಅಂಟತ್ತೆ, ಕೂಡಿದ್ರೆ ಎರಡೂ ಸಮ.

ಆದ್ರೆ ಇದು ಎನ್ ಅನಂತ ಅಂತ ಅಂದ್ಕೊಂಡಾಗಿನ ಮಾತು. ಎನ್ 1000 ಇಟ್ಟು ಓಡಿಸಿ ನೋಡಿ. ಸೊನ್ನೆ ಮ್ಯುಟೇಶನ್ ಇರೋರ ಪಾಲು ಇ ಘಾತ (−ಯು/ಎಸ್). ಎಸ್ 0.05 ಇದ್ದಾಗ ಅದು 1000ಕ್ಕೆ 135 ಜನ. ಎಸ್ 0.02 ಇದ್ದಾಗ ಬರೀ 6 ಅಥವಾ 7 ಜನ. ಆರೇಳು ಜನ ಅದೃಷ್ಟ ಕೆಟ್ಟು ಒಂದು ದಿನ ಪೂರ್ತಿ ಇಲ್ಲವಾಗ್ತಾರೆ, ಮತ್ತೆ ಹುಟ್ಟಲ್ಲ, ಯಾಕಂದ್ರೆ ಈ ಮಾಡೆಲಲ್ಲಿ ಮ್ಯುಟೇಶನ್ ವಾಪಸ್ ಹೋಗಲ್ಲ. ಈಗ ಒಂದು ಮ್ಯುಟೇಶನ್ ಇರೋರೇ ಅತ್ಯುತ್ತಮರು, ಸ್ವಲ್ಪ ತಲೆಮಾರಲ್ಲಿ ಅವರ ಸಂಖ್ಯೆಯೂ ಆರೇಳಕ್ಕೆ ಬಂದು ನಿಲ್ಲತ್ತೆ, ಆಮೇಲೆ ಅವರೂ ಹೋಗ್ತಾರೆ. ಹರ್ಮನ್ ಮುಲ್ಲರ್ 1964ರಲ್ಲಿ ಹೇಳಿದ್ದು ಇದನ್ನೇ, ಲೈಂಗಿಕ ಸಂತಾನೋತ್ಪತ್ತಿ ಇಲ್ಲದ ಜೀವಿಗಳಿಗೆ ಇದರಿಂದ ತಪ್ಪಿಸ್ಕೊಳ್ಳೋ ದಾರಿ ಇಲ್ಲ ಅಂತ. ಮುಲ್ಲರ್ಸ್ ರಾಚೆಟ್ (ರಾಚೆಟ್ ಅಂದ್ರೆ ಒಂದೇ ಕಡೆ ತಿರುಗೋ ಹಲ್ಲಿನ ಚಕ್ರ) ಅನ್ನೋ ಹೆಸರು ಕೊಟ್ಟಿದ್ದು 1974ರಲ್ಲಿ ಜೋ ಫೆಲ್ಸನ್‌ಸ್ಟೈನ್.

ರಾಚೆಟ್ ಓಡೋಕೆ ಶುರುವಾದ್ರೆ ಜನ ಎಲ್ಲ ಅರೇಯ ಬಲಗಡೆಗೆ ಜಾರ್ತಾ ಹೋಗ್ತಾರೆ, ಎಡಗಡೆ ಡಬ್ಬಿಗಳು ಖಾಲಿ. ಅರೇ ಉದ್ದ ಮಾಡ್ತಾ ಹೋಗೋ ಬದಲು ಕಿಟಕಿ ಸರಿಸೋದು ಒಳ್ಳೇದು: ಮೊದಲ ಡಬ್ಬಿ ಖಾಲಿಯಾದ ಕೂಡ್ಲೇ ಎಲ್ಲವನ್ನ ಒಂದು ಜಾಗ ಎಡಕ್ಕೆ ಎಳೆದು ಒಂದು ಕೌಂಟರ್ ಏರಿಸೋದು. ಎಲ್ಲರ ಫಿಟ್‌ನೆಸ್ಸೂ ಒಂದೇ ಸಂಖ್ಯೆಯಿಂದ ಗುಣಿಸಿದ್ರೆ ಲಾಟರಿ ಬದಲಾಗಲ್ಲ, ಹಾಗಾಗಿ ಇದರಿಂದ ಫಲಿತಾಂಶಕ್ಕೆ ಏನೂ ಆಗಲ್ಲ, ಆ ಕೌಂಟರೇ ರಾಚೆಟ್ ಎಷ್ಟು ಹಲ್ಲು ತಿರುಗಿದೆ ಅನ್ನೋ ಮೀಟರು. ಎಸ್ 0.02ರಲ್ಲಿ ಮೀಟರು ಒಂದೇ ಸಮ ಏರತ್ತೆ, 0.05ರಲ್ಲಿ ಕಾಯ್ಬೇಕು. ಎಸ್ 0.005 ಮಾಡಿದ್ರೆ ಸರಾಸರಿ 20 ಮ್ಯುಟೇಶನ್ ಆಗಿ ಸೊನ್ನೆ ಇರೋರ ಲೆಕ್ಕ ಸಾವಿರ ಜನದಲ್ಲಿ ಒಂದು ಜೀವಿಗಿಂತ ಎಷ್ಟೋ ಕಮ್ಮಿ, ನಿಲ್ಲೋ ಮಾತೇ ಇಲ್ಲ. ಸಾಯಿಸೋ ಮ್ಯುಟೇಶನ್ ಪಾಪ್ಯುಲೇಶನಿಗೆ ಅಪಾಯ ಅಲ್ಲ, ಅದು ಒಂದು ಜೀವಿ ಜೊತೆ ಮುಗಿಯತ್ತೆ. ಚೂರು ಚೂರೇ ಕೆಡಿಸೋದು ಅಪಾಯ.

ನಾಲ್ಕನೇ ಹಂತ: ಎರರ್ ಥ್ರೆಶೋಲ್ಡ್

ಇದನ್ನ ಬೇಗ ಮುಗಿಸ್ತೀನಿ. ಮಾನ್‌ಫ್ರೆಡ್ ಐಗನ್ 1971ರಲ್ಲಿ ಕೇಳಿದ ಪ್ರಶ್ನೆ: ಕಾಪಿ ಮಾಡೋವಾಗ ತಪ್ಪಾಗೋ ದರ ಏರಿಸ್ತಾ ಹೋದ್ರೆ ಅತ್ಯುತ್ತಮ ಜೀನೋಮ್ ಎಲ್ಲಿವರೆಗೆ ಉಳಿಯತ್ತೆ? 50 ಬಿಟ್ಟಿನ ಜೀನೋಮ್, ಒಂದೇ ಒಂದು ಸರಿಯಾದ ಸೀಕ್ವೆನ್ಸಿಗೆ ಫಿಟ್‌ನೆಸ್ 10, ಮಿಕ್ಕ ಎಲ್ಲಕ್ಕೂ 1. ಒಟ್ಟು ಸೀಕ್ವೆನ್ಸು 2ರ ಘಾತ 50, ಹತ್ತಿರ ಹತ್ತಿರ 11 ಕೋಟಿ ಕೋಟಿ, ಯಾವ ಮೆಮೊರಿಗೂ ಹಿಡಿಸಲ್ಲ. ಆದ್ರೆ ಸರಿಯಾದದ್ದಕ್ಕಿಂತ ಎಷ್ಟು ಬಿಟ್ಟು ಬೇರೆ ಅನ್ನೋದರ ಮೇಲೆ ಗುಂಪು ಮಾಡಿದ್ರೆ 51 ಗುಂಪು ಸಾಕು, 51ರ ಮ್ಯಾಟ್ರಿಕ್ಸು, ಒಂದು ಗುಂಪಿಂದ ಹೊರಡೋ ಸಾಧ್ಯತೆಗಳೆಲ್ಲ ಕೂಡಿ 1 ಬರ್ಬೇಕು ಅನ್ನೋದು ಮೊದಲ ಚೆಕ್ಕು.

ಒಂದು ಬಿಟ್ಟಿಗೆ ತಪ್ಪಿನ ದರ 0.02 ಇದ್ರೆ ಪಾಪ್ಯುಲೇಶನಿನ ಶೇಕಡ 29 ಸರಿಯಾದ ಸೀಕ್ವೆನ್ಸು. 0.04ಕ್ಕೆ ಶೇಕಡ 3. 0.045ರಲ್ಲಿ ಹೆಚ್ಚುಕಮ್ಮಿ ಮಾಯ. ಹಂಚಿಕೆ ಪೂರ್ತಿ ಚದುರಿ ಮಧ್ಯದ ಗುಂಪುಗಳಿಗೆ ಹೋಗಿ ಕೂರತ್ತೆ. ಜೀನೋಮಿನ ಉದ್ದ × ತಪ್ಪಿನ ದರ, ಇದು ಸುಮಾರಾಗಿ ಫಿಟ್‌ನೆಸ್ ಅನುಪಾತದ ಲಾಗಿಗಿಂತ ಕಮ್ಮಿ ಇರ್ಬೇಕು, 10ಕ್ಕೆ ಅದು 2.3.

ಇದನ್ನ ಎಲ್ಲೆಂದರಲ್ಲಿ ಅನ್ವಯಿಸೋರು ತುಂಬಾ ಜನ, ಅದಕ್ಕೆ ಒಂದು ಮಾತು: ಈ ಚೂಪಾದ ಅಂಚು ಬರೋದು ಒಂದೇ ಶಿಖರ, ಸುತ್ತ ಬಯಲು ಅನ್ನೋ ಲ್ಯಾಂಡ್‌ಸ್ಕೇಪಲ್ಲಿ (ಯಾವ ಜೀನೋಮಿಗೆ ಎಷ್ಟು ಫಿಟ್‌ನೆಸ್ ಅನ್ನೋ ನಕ್ಷೆ). ಮೂರನೇ ಹಂತದ ತರ ಪ್ರತಿ ತಪ್ಪಿಗೂ ಸ್ವಲ್ಪ ಸ್ವಲ್ಪ ಇಳಿಯೋ ಫಿಟ್‌ನೆಸ್ ಅದೇ ಮ್ಯಾಟ್ರಿಕ್ಸಿಗೆ ಹಾಕಿ ಓಡಿಸಿ, ಅಂಚೇ ಇಲ್ಲ, ನಿಧಾನವಾಗಿ ಜಾರತ್ತೆ ಅಷ್ಟೇ.

ಐದನೇ ಹಂತ: ಮೇಲಕ್ಕೆ ಹತ್ತೋದು

ಅದೇ ಅರೇ, ಅದೇ ಕಿಟಕಿ, ಈಗ ಮ್ಯುಟೇಶನ್ ಒಳ್ಳೇದು. ಒಳ್ಳೇ ಮ್ಯುಟೇಶನಿನ ದರ ಲಕ್ಷಕ್ಕೆ 1, ಎಸ್ 0.02. ಎನ್ 1000 ಇದ್ರೆ ಗೆಲ್ಲೋ ಮ್ಯುಟೇಶನ್ ಸುಮಾರು 2500 ತಲೆಮಾರಿಗೆ ಒಂದು ಬರತ್ತೆ, ಬಂದ್ರೆ ಏಳುನೂರಕ್ಕಿಂತ ಕಮ್ಮಿ ತಲೆಮಾರಲ್ಲಿ ಆವರಿಸತ್ತೆ, ಒಂದಾದ ಮೇಲೆ ಒಂದು, ಶಿಸ್ತಾಗಿ. ಎನ್ ಹತ್ತು ಲಕ್ಷ ಮಾಡಿದ್ರೆ ಪ್ರತಿ ಎರಡೂವರೆ ತಲೆಮಾರಿಗೆ ಒಂದು ಗೆಲ್ಲೋ ಯೋಗ್ಯತೆಯದ್ದು ಹುಟ್ಟತ್ತೆ, ಆವರಿಸೋಕೆ ಮಾತ್ರ ಸಾವಿರಕ್ಕೂ ಮೇಲೆ ತಲೆಮಾರು ಬೇಕು, ಅಷ್ಟರಲ್ಲಿ ಬೇರೆ ಬೇರೆ ಜೀವಿಗಳಲ್ಲಿ ಹುಟ್ಟಿದ ಒಳ್ಳೇ ಮ್ಯುಟೇಶನ್‌ಗಳು ಒಂದನ್ನೊಂದು ತುಳೀತವೆ. ಜೀನು ಬೆರೆಸ್ಕೊಳ್ಳೋ ದಾರಿ ಇಲ್ಲದ್ರಿಂದ ಹಾಗೆ ಬೇರೆ ಬೇರೆ ಕಡೆ ಹುಟ್ಟಿದ ಎರಡು ಒಳ್ಳೇದು ಒಂದೇ ಜೀವಿಯಲ್ಲಿ ಬಂದು ಸೇರೋ ಹಾಗಿಲ್ಲ. ಇದಕ್ಕೆ ಕ್ಲೋನಲ್ ಇಂಟರ್‌ಫಿಯರೆನ್ಸ್ ಅಂತಾರೆ, ಎನ್ ಸಾವಿರ ಪಟ್ಟು ಮಾಡಿದ್ರೂ ವಿಕಾಸದ ವೇಗ ಸಾವಿರ ಪಟ್ಟು ಆಗದೇ ಇರೋದು ಇದರಿಂದ.

ಇದನ್ನ ನಿಜವಾದ ಡೇಟಾ ಪಕ್ಕ ಇಡ್ಬೇಕು ಅಂದ್ರೆ ರಿಚರ್ಡ್ ಲೆನ್‌ಸ್ಕಿ 1988ರ ಫೆಬ್ರವರಿಯಲ್ಲಿ ಶುರು ಮಾಡಿದ ಪ್ರಯೋಗ ಇದೆ. ಇ. ಕೋಲೈ ಬ್ಯಾಕ್ಟೀರಿಯಾದ 12 ಪಾಪ್ಯುಲೇಶನ್, ದಿನಾ ನೂರರಲ್ಲಿ ಒಂದು ಭಾಗ ಹೊಸ ಫ್ಲಾಸ್ಕಿಗೆ, ಅಂದ್ರೆ ದಿನಕ್ಕೆ 6.64 ತಲೆಮಾರು. ಪ್ರತಿ ಸಲ ದಾಟೋ ಕೋಶಗಳೇ ಲಕ್ಷಗಟ್ಟಲೆ, ಹಾಗಾಗಿ ತುಳಿದಾಟದ ರಾಜ್ಯದಲ್ಲೇ ಇದೆ. ಅಲ್ಲಿ ಫಿಟ್‌ನೆಸ್ ಗ್ರಾಫು ಶುರುವಲ್ಲಿ ಜೋರಾಗಿ ಏರಿ ಆಮೇಲೆ ಬಾಗತ್ತೆ, ಆದ್ರೆ ನಿಲ್ಲಲ್ಲ. ನನ್ನ ಮಾಡೆಲ್ ಬಾಗಲ್ಲ, ಎಸ್ ಸ್ಥಿರ ಇರೋದ್ರಿಂದ ಒಂದೇ ಇಳಿಜಾರಲ್ಲಿ ಏರ್ತಾನೇ ಇರತ್ತೆ.

ರಿಪೇರಿ ಒಂದೇ ಸಾಲಿಂದು. ಮೆಟ್ಟಿಲಿಂದ ಮೆಟ್ಟಿಲಿಗೆ ಸಿಗೋ ಲಾಭವನ್ನ ಆಗಿನ ಫಿಟ್‌ನೆಸ್ಸಿನ ಘಾತ ಜಿಯಿಂದ ಭಾಗಿಸೋದು (ಜಿ ನಾವೇ ಆರಿಸೋ ಒಂದು ಸಂಖ್ಯೆ), ಅಂದ್ರೆ ಮೇಲೆ ಹತ್ತಿದಷ್ಟೂ ಮುಂದಿನ ಮೆಟ್ಟಿಲು ಗಿಡ್ಡ. ಫಿಟ್‌ನೆಸ್ ಅರೇಯನ್ನ ಮೊದಲೇ ಲೆಕ್ಕ ಹಾಕಿಟ್ರೆ ಉಳಿದ ಕೋಡು ಮುಟ್ಟೋ ಹಾಗೇ ಇಲ್ಲ. ತಾಳೆ ನೋಡೋ ಲೆಕ್ಕ: ಒಂದಾದ ಮೇಲೆ ಒಂದು ಗೆಲ್ಲೋ ರಾಜ್ಯದಲ್ಲಿ ವೇಗ ಎಸ್‌ನ ವರ್ಗಕ್ಕೆ ಅನುಪಾತ, ಗೆಲ್ಲೋ ಸಾಧ್ಯತೆಗೆ ಒಂದು ಎಸ್, ಗೆದ್ದಾಗ ಸಿಗೋ ಲಾಭಕ್ಕೆ ಇನ್ನೊಂದು. ಅಲ್ಲಿಂದ ಫಿಟ್‌ನೆಸ್ ಅನ್ನೋದು ಸಮಯದ ಘಾತ 1/(2ಜಿ) ತರ ಬೆಳೀಬೇಕು, ಜಿ 3 ಇದ್ರೆ ಲಾಗ್-ಲಾಗ್ ಗ್ರಾಫಲ್ಲಿ ಕೊನೆಗೆ ಇಳಿಜಾರು 0.167. ಎನ್ ಚಿಕ್ಕದಿಟ್ಟು, ತುಂಬಾ ಹೊತ್ತು ಓಡಿಸಿದ್ರೆ ಅದರ ಹತ್ತಿರಕ್ಕೇ ಬಂದು ಕೂರತ್ತೆ. ಲೆನ್‌ಸ್ಕಿ ತಂಡ 2013ರಲ್ಲಿ ತಮ್ಮ ಡೇಟಾಗೆ ಹೊಂದಿಸಿದ್ದೂ ಇಂಥದ್ದೇ ಪವರ್ ಲಾ.

ಆ 12ರಲ್ಲಿ ಒಂದು ಪಾಪ್ಯುಲೇಶನ್ ಸುಮಾರು 31,000 ತಲೆಮಾರು ಆದ್ಮೇಲೆ ಆಕ್ಸಿಜನ್ ಇರೋವಾಗಲೂ ಸಿಟ್ರೇಟ್ ತಿನ್ನೋಕೆ ಕಲೀತು. ನನ್ನ ಮೆಟ್ಟಿಲುಗಳಲ್ಲಿ ಇದಕ್ಕೆ ಜಾಗ ಇಲ್ಲ, ಯಾವ ಮ್ಯುಟೇಶನ್ ಯಾವುದಾದ ಮೇಲೆ ಬಂತು ಅನ್ನೋದನ್ನೇ ಅರೇ ಮರೆತುಬಿಡತ್ತೆ. ಅದಕ್ಕೆ ಈಗ ಎನ್‌ಕೆ ಲ್ಯಾಂಡ್‌ಸ್ಕೇಪ್ ಸೇರಿಸ್ತಿದೀನಿ, ಒಂದು ಸೈಟಿನ ಲಾಭ ಬೇರೆ ಕೆ ಸೈಟುಗಳಲ್ಲಿ ಏನಿದೆ ಅನ್ನೋದರ ಮೇಲೆ ನಿಂತಿರೋ ಮಾಡೆಲ್. 12 ಸೈಟ್ ಇಟ್ರೆ ಜೀನೋಮ್ 4096, ಪೂರ್ತಿ ಟೇಬಲ್ ಮೆಮೊರಿಯಲ್ಲಿ ಕೂರತ್ತೆ. ಅದಕ್ಕೂ ಉತ್ತರ ಗೊತ್ತಿರೋ ಪ್ರಶ್ನೆ ರೆಡಿ ಇದೆ: ಕೆ ಸೊನ್ನೆ ಇದ್ರೆ ಶಿಖರ ಒಂದೇ ಸಿಗ್ಬೇಕು, ಕೆ 11 ಇದ್ರೆ ಸರಾಸರಿ 4096 ಭಾಗಿಸು 13, ಅಂದ್ರೆ 315 ಶಿಖರ.